ಬೆಲ್‌ಫಾಸ್ಟಿನಲ್ಲಿ ಆನೆ ಓಡಿಸಲು ಹೋದದ್ದು

ಗಣೇಶಗುಡಿ

ಮಳೆಗಾಲದಲ್ಲಿ ನಮಗೆ ಕೆಲಸವಿಲ್ಲ. ಕಾಳಿ ಹೊಳೆ ಕೆಂಪಾಗಿ ಉಕ್ಕಿ ಹರಿಯುವಾಗ ರಾಫ್ಟ್ ಇಳಿಸುವ ಹುಚ್ಚು ಯಾರಿಗೂ ಬೇಡ. ಜೂನಿನಲ್ಲಿ ರಾಫ್ಟುಗಳ ಗಾಳಿ ಬಿಟ್ಟು, ಮಡಚಿ ಅಟ್ಟಕ್ಕೆ ಹಾಕಿದರೆ ದಸರೆಯ ತನಕ ನಾವು ಗೈಡುಗಳು ಮನೆಯಲ್ಲಿ ಹೆಂಡತಿಯ ಬೈಗುಳ ತಿಂದುಕೊಂಡು ಕೂರುವವರು. ಹೋದ ಮಳೆಗಾಲ ಆ ಬೈಗುಳ ತಪ್ಪಿತು. ನಾನೂ ಮುಷ್ತಾಕನೂ ಬೆಲ್‌ಫಾಸ್ಟಿಗೆ ಹೋಗಿದ್ದೆವು.

ನನ್ನ ಹೆಸರು ಶಿವಾನಂದ. ಅಪ್ಪ ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದವರು. ನಾನು ಸೈನ್ಯ ಸೇರಿ, ಹವಾಲ್ದಾರನಾಗಿ, ಪಿಂಚಣಿ ತಗೊಂಡು ಊರಿಗೆ ಬಂದೆ. ಸುಮ್ಮನೆ ಕೂರುವ ಆಸಾಮಿ ನಾನಲ್ಲ. ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕೂರಿಸಿ ಹೊಳೆ ಇಳಿಸುವ ಕೆಲಸಕ್ಕೆ ಸೇರಿದೆ. ಮುಷ್ತಾಕ ಅಲ್ಲಿ ನನಗಿಂತ ಹಳಬ. ದಾಂಡೇಲಿಯ ಗ್ಯಾರೇಜಿನ ಮನೆತನ, ವಯಸ್ಸಿನಲ್ಲಿ ನನಗಿಂತ ಸಣ್ಣವ, ಮಾತು ಕಡಿಮೆ, ನೀರಿಗೆ ಬಿದ್ದರೆ ಮೀನು.

ನಮ್ಮಲ್ಲಿ ಒಂದು ರೂಢಿ ಇದೆ. ನೀರಿಗಿಳಿಯುವಾಗ ತೊಡುವ ಲೈಫ್ ಜಾಕೆಟನ್ನು ಯಾರು ಬೇಕಾದರೂ ತಾವೇ ಹಾಕಿಕೊಳ್ಳಬಹುದು. ಆದರೆ ಅದು ಸರಿಯಾಗಿದೆ ಎಂದು ತಾವೇ ಹೇಳಿಕೊಳ್ಳುವಂತಿಲ್ಲ. ಇನ್ನೊಬ್ಬ ಗೈಡು ಎದುರು ನಿಂತು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಬೇಕು. ಜಾಕೆಟ್ ಕಿವಿಯ ತನಕ ಏರಿದರೆ ಸಡಿಲ. ಏರದಿದ್ದರೆ ಜಗ್ಗಿದವನು ಎದೆಗೊಂದು ಗುದ್ದು ಹಾಕಿ “ಗಟ್ಟಿ!” ಅನ್ನಬೇಕು. ಆಮೇಲೆಯೇ ನೀರು. ಎಂಥ ಅವಸರವಿರಲಿ, ಎಂಥ ಸಾಹೇಬರು ಬಂದಿರಲಿ, ಇದು ತಪ್ಪುವುದಿಲ್ಲ.

ಅದರ ಹಿಂದಿನ ಚಳಿಗಾಲದಲ್ಲಿ ಬಿಲ್ಲಿ ಎಂಬ ಬಿಳಿ ಗಡ್ಡದ ದೊಡ್ಡ ಆಳು ನಮ್ಮಲ್ಲಿಗೆ ಬಂದಿದ್ದ. ಬೆಲ್‌ಫಾಸ್ಟಿನವನು, ಐರ್ಲೆಂಡ್ ದ್ವೀಪದ ಉತ್ತರದ ಊರು ಅದು. ರಾಫ್ಟ್ ಮಗುಚಿ ಅವನು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ. ಮುಷ್ತಾಕ ಹಗ್ಗ ಎಸೆದು, ತಾನೂ ಹಾರಿ, ಎಳೆದು ತಂದು ದಂಡೆಗೆ ಹಾಕಿದ. ಬಿಲ್ಲಿ ಕೆಮ್ಮಿ, ನೀರು ಕಾರಿ, ಎದೆಯ ಮೇಲಿನ ಜಾಕೆಟ್ ಮುಟ್ಟಿಕೊಂಡು ಮೊದಲು ಹೇಳಿದ ಮಾತು “ಗಟ್ಟಿ!” ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ಒಂದು ಕಾಲದಲ್ಲಿ ಸಿಪಾಯಿಯಂತೆ. ಈಗ ತನ್ನೂರಿನ ಹೊರಗೆ, ವರ್ಷಾನುಗಟ್ಟಲೆ ಒಬ್ಬರನ್ನೊಬ್ಬರು ಕೊಂದುಕೊಂಡ ಎರಡು ಕಡೆಯ ಓಣಿಗಳ ಮಂದಿಯನ್ನು ಒಂದೇ ರಾಫ್ಟಿನಲ್ಲಿ ಕೂರಿಸಿ ಹೊಳೆಗೆ ಇಳಿಸುತ್ತಾನಂತೆ. “ನೀವಿಬ್ಬರೂ ಬಂದು ನಮ್ಮವರಿಗೆ ಹಗ್ಗ ಎಸೆಯುವುದನ್ನು ಕಲಿಸಿ” ಎಂದು ಕರೆದ. ಹೀಗೆ ಕರೆಯುವವರು ಬಹಳ, ನಿಜವಾಗಿ ಕರೆಸಿಕೊಂಡವನು ಇವನೊಬ್ಬನೇ.

ಇನ್ನು ರಫೀಕನ ಮಾತು. ಅದನ್ನು ಬಿಟ್ಟು ಈ ಪ್ರವಾಸದ ಕಥೆ ಹೇಳಲು ಬರುವುದಿಲ್ಲ. ರಫೀಕ ಮುಷ್ತಾಕನ ತಮ್ಮ, ನಮ್ಮಲ್ಲೇ ಗೈಡಾಗಿದ್ದ. ಆ ಬೇಸಿಗೆಯಲ್ಲಿ ತನಿಖೆಯವರು ಜೀಪಿನಲ್ಲಿ ಬಂದು ಅವನನ್ನು ಕರೆದೊಯ್ದರು. ಫೋನಿನಲ್ಲಿ ಯಾವುದೋ ಗುಂಪಿಗೆ ಸೇರಿದ್ದನಂತೆ. ಹೊರದೇಶದ ಯಾರೋ ಅದರಲ್ಲಿ ಬಂದೂಕಿನವರ ವಿಡಿಯೋ ಹಾಕುತ್ತಿದ್ದರಂತೆ. ವಿಚಾರಣೆ ಮಾಡಿದರು, ಏನೂ ಸಿಗಲಿಲ್ಲ, ಕೇಸು ಹಾಕದೆ ಬಿಟ್ಟರು. ಅವನು ಕೆಲಸಕ್ಕೆ ಮರಳಿ ಬಂದ ದಿನ ಗೈಡುಗಳೆಲ್ಲ ನನ್ನ ಮುಖ ನೋಡಿದರು. ಸೈನ್ಯದಿಂದ ಬಂದವನು, ಇಂಥದರಲ್ಲಿ ನನ್ನ ಮಾತೇ ಕಡೆಯ ಮಾತು ಎಂದು ಅವರ ಲೆಕ್ಕ. ನಾನು ಹೇಳಿದೆ: “ಇವನ ಕೈಯಾಗ ನನ್ನ ಜಾಕೆಟ್ ಕೊಡಂಗಿಲ್ಲ.”

ಅಷ್ಟಕ್ಕೇ ಮುಗಿಯಿತು. ರಫೀಕ ತಿರುಗಿ ನಡೆದ.

ನನಗೂ ಕಾರಣವಿತ್ತು. ಉತ್ತರದಲ್ಲಿ ಡ್ಯೂಟಿಯಲ್ಲಿದ್ದಾಗ ದಾರಿಯಲ್ಲಿ ಹುಗಿದಿಟ್ಟ ಬಾಂಬಿಗೆ ನನ್ನ ಜೊತೆಗಾರ ಮಾರುತಿ ಹೋದ. ಒಂದೇ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಿಂದವರು ನಾವು. ಭಯೋತ್ಪಾದಕರ ಜೊತೆ ಮಾತುಕತೆ, ತಿಳಿವಳಿಕೆ ಎಂದು ಟಿವಿಯಲ್ಲಿ ಯಾರಾದರೂ ಅಂದರೆ ನಾನು ಚಾನಲ್ ಬದಲಿಸುವವನು. ಮುಷ್ತಾಕ ನನ್ನ ಮಾತಿಗೆ ಎದುರಾಡಲಿಲ್ಲ. ಮರುದಿನವೂ ಬಂದು ಎಂದಿನಂತೆ ನನ್ನ ಜಾಕೆಟ್ ಜಗ್ಗಿ “ಗಟ್ಟಿ” ಅಂದ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಹೊರಡುವ ಮುಂಚೆ ನನ್ನ ಹೆಂಡತಿ ಸುಶೀಲಾ ಮುಂಡಗೋಡಿಗೆ ಹೋಗಿ ಟಿಬೆಟಿಯನ್ ಕ್ಯಾಂಪಿನಿಂದ ಒಂದು ದಪ್ಪ ಉಣ್ಣೆಯ ಸ್ವೆಟರ್ ತಂದಳು. ಕಡು ನೀಲಿ, ಎದೆಯ ಮೇಲೆ ಎರಡು ಬಿಳಿ ಜಿಂಕೆ. “ಇದನ್ನ ಹಾಕ್ಕೊಂಡ್ ನಾ ಏನ್ ಸಾಲೀ ಹುಡುಗನೇನ?” ಅಂದೆ. “ಥಂಡಿಯಾಗ ಜಿಂಕಿ ಯಾರ್ ನೋಡ್ತಾರ?” ಅಂದಳು. ನಾನು ನನ್ನ ಹಳೆಯ ಸೈನ್ಯದ ಹಸಿರು ಜಾಕೆಟ್ ಹಾಕಿಕೊಂಡೇ ಹೊರಟೆ. ಸ್ವೆಟರನ್ನು ಅವಳೇ ಚೀಲದ ತಳಕ್ಕೆ ತುರುಕಿದಳು.

ನೋರಾ ಅವರ ಮನೆ

ನನ್ನ ಇಂಗ್ಲಿಷು ಸೈನ್ಯದ್ದು, ಮುಷ್ತಾಕನದು ಪ್ರವಾಸಿಗರಿಂದ ಕಲಿತದ್ದು, ಅಲ್ಲಿಯವರದು ಬೇರೆಯೇ ದೇವರದು. ಬಾಯಲ್ಲಿ ಬಿಸಿ ಬಟಾಟಿ ಇಟ್ಟುಕೊಂಡು ಮಾತಾಡಿದ ಹಾಗೆ. ಎರಡು ದಿನ ನಾವು ಎಲ್ಲದಕ್ಕೂ “ಯೆಸ್” ಅಂದೆವು, ಹಾಗಾಗಿ ಎಲ್ಲದಕ್ಕೂ ಚಹಾ ಸಿಕ್ಕಿತು. ಮೂರನೆಯ ದಿನಕ್ಕೆ ಕಿವಿ ಒಗ್ಗಿತು. ಅವರಾಡಿದ್ದು ನನಗೆ ಹೇಗೆ ಕೇಳಿಸಿತೋ ಹಾಗೇ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಬಿಲ್ಲಿ ನಮ್ಮನ್ನು ಇಳಿಸಿದ್ದು ನೋರಾ ಎಂಬ ಮುದುಕಿಯ ಮನೆಯಲ್ಲಿ. ಅವರು ಬಿಲ್ಲಿಯ ರಾಫ್ಟಿಂಗ್ ಕೇಂದ್ರಕ್ಕೆ ಅಡುಗೆ ಮಾಡುವವರು. ಕೆಂಪು ಇಟ್ಟಿಗೆಯ ಸಾಲು ಮನೆಗಳು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು, ಥೇಟ್ ನಮ್ಮ ಮಿಲ್ಲಿನ ಕ್ವಾರ್ಟರ್ಸು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯಲ್ಲಿ ಸೀನಬೇಕು. ಆದರೆ ಒಗ್ಗರಣೆ ಎಲ್ಲಿ ಬಂತು, ಮೂರು ಹೊತ್ತೂ ಬಟಾಟಿ. ನಾನು ಮನೆಯಿಂದ ತಂದ ಶೇಂಗಾ ಚಟ್ನಿ ತೆಗೆದು ಬಟಾಟಿಯ ಮೇಲೆ ಉದುರಿಸಿಕೊಂಡೆ. ನೋರಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು, ಮೂಗು ಕೆಂಪು. ನೀರು ಕುಡಿದು, ತಟ್ಟೆ ಮುಂದೆ ಚಾಚಿ, “ಇನ್ನೊಂದೀಟು ಹಾಕು” ಅಂದರು. ಆವತ್ತಿನಿಂದ ನಮಗೂ ಆ ತಾಯಿಗೂ ಕೂಡಿಬಂತು.

ಮುಷ್ತಾಕ ನಮಾಜು ಮಾಡುವವನೆಂದು ಬಿಲ್ಲಿಯಿಂದ ತಿಳಿದು ಅವರು ಮೇಲಿನ ಕೋಣೆಯನ್ನು ಮೊದಲೇ ಒರೆಸಿ, ನಾಯಿಯನ್ನು ಮೆಟ್ಟಿಲ ಕೆಳಗೆ ಕಟ್ಟಿಹಾಕಿದ್ದರು. ಹಲಾಲ್ ಕೋಳಿಗಾಗಿ ಎರಡು ಬಸ್ಸು ಬದಲಿಸಿ ಊರಿನ ಇನ್ನೊಂದು ತುದಿಗೆ ಹೋಗಿಬಂದಿದ್ದರು. ಮುಷ್ತಾಕ ಕೋಳಿಯನ್ನು ನೋಡಿದ, ಅವರ ಮಂಡಿ ನೋವಿನ ಕಾಲನ್ನು ನೋಡಿದ, ಕೈ ಮುಗಿದ. ಸ್ವಂತ ನೆಂಟರ ಮನೆಗೆ ಹೋದರೂ ಹೀಗೆ ಯಾರು ನೋಡಿಕೊಂಡಾರು?

ಒಂದೇ ಒಂದು ಮಾತು ಅವರು ಹೇಳಿದ್ದನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಬಾಗಿಲ ಬಳಿ ನನ್ನ ಹಸಿರು ಜಾಕೆಟ್ ತೂಗುಹಾಕುವಾಗ ಮೆಲ್ಲಗೆ, “ಅದನ್ನ ಒಳಗ ಇಟ್ಟೀ ಅಂದ್ರ ಚಲೋ” ಅಂದರು. ತೇವದ ಗೋಡೆ, ಬೂಷ್ಟು ಹಿಡಿದೀತು ಎಂಬ ಕಾಳಜಿ ಎಂದುಕೊಂಡೆ.

ಆ ಊರಿನ ಒಂದು ಚಾಳಿ ನನಗೆ ಬಹಳ ಹಿಡಿಸಿತು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮುದುಕರು, ಶಾಲೆಯ ಮಕ್ಕಳು, ಕಿವಿಗೆ ಹಾಡು ಸಿಕ್ಕಿಸಿಕೊಂಡ ಪಡ್ಡೆಗಳು ಕೂಡ. ನಮ್ಮ ಹಳಿಯಾಳ ಬಸ್ಸಿನಲ್ಲಿ ನಾವು ಡ್ರೈವರನಿಗೆ ಹೇಳುವುದೆಲ್ಲ ಬ್ರೇಕು ಹಾಕಿದಾಗ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಗೋಡೆ

ನೋರಾ ಅವರ ಓಣಿಯ ತುದಿಗೆ ಒಂದು ಗೋಡೆ. ಮನೆಗಳಿಗಿಂತ ಎತ್ತರ, ಮೇಲೆ ತಗಡು, ಅದರ ಮೇಲೆ ಜಾಳಿಗೆ. ಈಚೆ ಕಡೆ ಒಂದು ಪಂಗಡ, ಆಚೆ ಇನ್ನೊಂದು. ಒಂದೇ ಏಸುವಿನ ಮಕ್ಕಳು, ಚರ್ಚು ಮಾತ್ರ ಬೇರೆ. ಹೊಡೆದಾಟ, ಬಾಂಬು ಎಲ್ಲ ನಿಂತು ಕಾಲವಾಯಿತು, ಸಿಪಾಯಿಗಳು ಓಣಿ ಬಿಟ್ಟು ಹೋದರು, ಗೋಡೆ ಮಾತ್ರ ನಿಂತಿದೆ. ನಡುವೆ ಕಬ್ಬಿಣದ ಗೇಟು. ಹಗಲೆಲ್ಲ ತೆರೆದಿರುತ್ತದೆ, ಸಂಜೆ ಹಾಕುತ್ತಾರೆ.

ಇದು ನಮಗೆ ಯಾರೂ ಹೇಳಿರಲಿಲ್ಲ. ಸಂಜೆ ಬ್ರೆಡ್ಡು ತರಲೆಂದು ಆಚೆಯ ಅಂಗಡಿಗೆ ಹೋದವರು ತಿರುಗಿ ಬಂದರೆ ಗೇಟಿಗೆ ಬೀಗ! ಗೋಡೆಯ ಆ ಬದಿಯಲ್ಲಿ ನೋರಾ ಅವರ ಅಡುಗೆಮನೆಯ ಹೊಗೆ ಕಾಣುತ್ತಿದೆ, ನಾವು ಈ ಬದಿಯಲ್ಲಿ ಬ್ರೆಡ್ಡು ಹಿಡಿದು ನಿಂತಿದ್ದೇವೆ. ನಾನು ಗೇಟು ಅಲುಗಾಡಿಸಿದೆ. “ಅಣ್ಣಾ, ಹತ್ತಿ ಜಿಗಿಯೂ ವಿಚಾರ ಐತೇನ್ರಿ? ಹಂಗಾದ್ರ ನಾ ಮೊದ್ಲ ಫೋಟೋ ತಗೀತೇನಿ” ಎಂದು ಮುಷ್ತಾಕ ಕಿಚಾಯಿಸಿದ. ರಫೀಕನ ವಿಷಯವಾದ ಮೇಲೆ ಅವನು ನನ್ನನ್ನು ಕಿಚಾಯಿಸಿದ್ದು ಅದೇ ಮೊದಲು. ನನಗೆ ಗೋಡೆ ಹತ್ತಿದಷ್ಟೇ ಖುಷಿಯಾಯಿತು.

ನಾಯಿ ತಿರುಗಿಸುತ್ತಿದ್ದ ಒಬ್ಬ ಮುದುಕ ನಮ್ಮ ಪಾಡು ನೋಡಿ ತನ್ನ ದಾರಿ ಬಿಟ್ಟು ನಮ್ಮ ಜೊತೆ ಬಂದ. ಸುತ್ತು ಹಾಕಿ ಬಹಳ ದೂರ ನಡೆಸಿದ. ಮೊಮ್ಮಕ್ಕಳ ಮಾತು, ಮಳೆಯ ಮಾತು, ನಮ್ಮ ಹೊಳೆಯ ಮಾತು. ನೋರಾ ಅವರ ಓಣಿಯ ಮೂಲೆ ಬಂದಾಗ ಗಕ್ಕನೆ ನಿಂತ. “ಇಲ್ಲಿಂದ ನೀವು ಹೋಗ್ರಿ. ನಾ ಆ ಕಡೆ ಹೋದವನಲ್ಲ” ಅಂದ. ಹಗೆಯಿಂದಲ್ಲ, ನಮ್ಮ ಕಡೆಯವರು ಹುಣಸೆ ಮರದ ಕೆಳಗೆ ಮಲಗುವುದಿಲ್ಲವಲ್ಲ, ಹಾಗೆ. ನಾವು ಬಸ್ ಡ್ರೈವರನಿಗೆ ಹೇಳಿದ ಹಾಗೆ ಅವನಿಗೂ ಥ್ಯಾಂಕ್ಸ್ ಹೇಳಿದೆವು. ನಾಯಿ ಮಾತ್ರ ನಮ್ಮ ಹಿಂದೆ ಇನ್ನೂ ನಾಲ್ಕು ಹೆಜ್ಜೆ ಬಂತು.

ಡಬ್ಬಿಯ ಮುಚ್ಚಳ

ಇನ್ನು ನನ್ನ ಮಹಾ ಪರಾಕ್ರಮದ ಮಾತು.

ಒಂದು ಬೆಳಗಿನ ಜಾವ, ಇನ್ನೂ ಮಬ್ಬು, ಹೊರಗೆ ತಗಡು ಬಡಿಯುವ ಸದ್ದು. ಒಂದಲ್ಲ, ಹತ್ತಾರು. ಢಣ್ ಢಣ್ ಢಣ್. ನನ್ನ ಮಾವನ ಹೊಲ ಹಳಿಯಾಳದ ಕಾಡಂಚಿನಲ್ಲಿದೆ. ಕಬ್ಬಿಗೆ ಆನೆ ನುಗ್ಗಿದರೆ ಊರಿಗೆ ಊರೇ ತಾಟು, ತಗಡು, ಎಣ್ಣೆ ಡಬ್ಬಿ ಬಡಿಯುತ್ತ ಓಡುತ್ತದೆ. ಆ ಸದ್ದು ಕೇಳಿದರೆ ನಮ್ಮ ಕಡೆಯವನು ಮೊದಲು ಎದ್ದು ಓಡುತ್ತಾನೆ, ಆಮೇಲೆ ಎಚ್ಚರವಾಗುತ್ತಾನೆ. ನಾನೂ ಎದ್ದೆ. ಯಾವ ದೇಶದಲ್ಲಿದ್ದೇನೆ ಎಂಬುದು ನಿದ್ದೆಯಲ್ಲೇ ಉಳಿಯಿತು. “ಮುಷ್ತಾಕ, ಏಳೋ! ಆನಿ ಬಂದೈತಿ!” ಎಂದು ಕೂಗಿ, ಕೈಗೆ ಸಿಕ್ಕ ಹಸಿರು ಜಾಕೆಟ್ ಏರಿಸಿ, ಅಡುಗೆಮನೆಯಿಂದ ದೊಡ್ಡ ಪಾತ್ರೆಯ ಮುಚ್ಚಳ, ಒಂದು ಸೌಟು ಎತ್ತಿಕೊಂಡು ಬೀದಿಗೆ ಹಾರಿದೆ.

“ಹೋ! ಹೋ! ಹೋಯ್!”

ಓಣಿಯ ನಡುವೆ ಹೋಗಿ ನಿಂತು ಮುಚ್ಚಳ ಬಡಿದೆ. ಆನೆ ಯಾವ ದಿಕ್ಕಿನಲ್ಲಿದೆ ಎಂದು ಅತ್ತಿತ್ತ ನೋಡಿದೆ. ಆನೆ ಇರಲಿಲ್ಲ. ಹೆಂಗಸರಿದ್ದರು. ಮುದುಕಿಯರು, ನಡುವಯಸ್ಸಿನವರು, ಸೊಸೆಯಂದಿರು, ತಮ್ಮ ತಮ್ಮ ಬಾಗಿಲಲ್ಲಿ ಮಂಡಿಯೂರಿ ಕಸದ ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಬಡಿಯುತ್ತಿದ್ದರು. ನನ್ನನ್ನು ಕಂಡು ಒಬ್ಬೊಬ್ಬರದೇ ಕೈ ನಿಂತಿತು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಜಾಕೆಟ್ ನೋಡುತ್ತಿದ್ದರು. ಎದುರು ಮನೆಯ ಒಬ್ಬ ಹಣ್ಣು ಮುದುಕಿ ಗೋಡೆ ಹಿಡಿದುಕೊಂಡು ಎದ್ದರು.

ನನ್ನ ಹಿಂದೆ ಮುಷ್ತಾಕ ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬಂದ. ಅವನ ಹಿಂದೆ ನೋರಾ. ನನ್ನ ತೋಳು ಹಿಡಿದು, “ಏನ್ ಮಾಡಾಕತ್ತಿಯೋ?” ಅಂದರು.

“ಆನಿ…” ಅಂದೆ.

“ಏನಂದಿ?”

“ಆನಿ ಬಂದೈತಿ ಅಂತ ತಿಳಕೊಂಡ್ನಿ.”

ನೋರಾ ಅದನ್ನು ಎಲ್ಲರಿಗೂ ಕೂಗಿ ಹೇಳಿದರು. ಆಮೇಲೆ ಯಾರೋ ಒಬ್ಬಳು ಪಕ್ಕನೆ ನಕ್ಕಳು, ಓಣಿಗೆ ಓಣಿಯೇ ನಕ್ಕಿತು. ಎದುರು ಮನೆಯ ಮುದುಕಿ ಮಾತ್ರ ನಗಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತ್ತು.

ಅಡುಗೆಮನೆಯಲ್ಲಿ ಚಹಾ ಕೊಟ್ಟು ನೋರಾ ಹೇಳಿದರು. ಅವರು ಹುಡುಗಿಯಾಗಿದ್ದಾಗ ಒಂದು ಬೆಳಗಿನ ಜಾವ ಸಿಪಾಯಿಗಳು ಈ ಓಣಿಗೆ ನುಗ್ಗಿ, ಬಾಗಿಲು ಮುರಿದು, ಗಂಡಸರನ್ನು ಹಾಸಿಗೆಯಿಂದಲೇ ಎಳೆದೊಯ್ದರು. ಕೋರ್ಟಿಲ್ಲ, ಕೇಸಿಲ್ಲ. ಸಿಪಾಯಿಗಳು ಬಂದರು ಎಂದು ಉಳಿದ ಓಣಿಗಳನ್ನು ಎಬ್ಬಿಸಲು ಹೆಂಗಸರು ಕಸದ ಡಬ್ಬಿಯ ಮುಚ್ಚಳ ಬಡಿದರು. ವರ್ಷಕ್ಕೊಮ್ಮೆ ಅದರ ನೆನಪಿಗೆ ಈಗಲೂ ಬಡಿಯುತ್ತಾರೆ. ಅಂಥ ಗಳಿಗೆಯಲ್ಲಿ ಸೈನ್ಯದ ಜಾಕೆಟ್ ತೊಟ್ಟು ಓಣಿಗೆ ನುಗ್ಗಿದ ಪುಣ್ಯಾತ್ಮ ನಾನು!

“ಅವತ್ತು ನಮ್ಮಣ್ಣ ಡೆಸ್‌ನ್ನೂ ಒಯ್ದ್ರು” ಅಂದರು ನೋರಾ. “ಬೇಕರಿಯೊಳಗ ಹಿಟ್ಟು ನಾದತಿದ್ದ. ಅವಂಗ ಬಂದೂಕು ಅಂದ್ರ ಏನಂತ ಗೊತ್ತಿರಲಿಲ್ಲ. ಏನೂ ಸಿಗದ ಬಿಟ್ರು. ಬಂದ. ಬೇಕರಿಯವ ಕೆಲಸಕ್ಕ ಬರಬ್ಯಾಡ ಅಂದ. ಓಣಿಯವ್ರು ಅಂಜಿ ಮಾತು ಬಿಟ್ರು. ನಮ್ಮಪ್ಪ ಸೈತ ಅವನ ಕೂಡ ಮಾತಾಡ್ಲಿಲ್ಲ. ಆಗ ಅವನ ಕೂಡ ಕುಂತು ಮಾತಾಡಿದವ್ರು ಯಾರು ಗೊತ್ತೇನು? ಬಂದೂಕಿನವ್ರು. ನಾವೆಲ್ಲಾ ಬಾಗಲಾ ಹಾಕಿದ್ವಿ, ಅವ್ರು ತಗದ್ರು.”

ಮುಷ್ತಾಕ ಚಹಾದ ಬಟ್ಟಲು ಹಿಡಿದು ಕೂತಿದ್ದ. ತಲೆ ಎತ್ತಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಮಾರುತಿಯ ಮಾತು ಹೇಳಿದೆ. ಅವನ ಹೆಂಡತಿಗೆ ಸುದ್ದಿ ಮುಟ್ಟಿಸಲು ನಾನೇ ಹೋದದ್ದು ಹೇಳಿದೆ. “ಅಂಥವ್ರ ಕೂಡ ಏನ್ ಮಾತು?” ಅಂದೆ. ನೋರಾ ನನ್ನ ಕೈ ಮೇಲೆ ಕೈ ಇಟ್ಟರು. “ನಿನ್ನ ಗೆಳ್ಯಾನ್ನ ಕೊಂದದ್ದು ತಪ್ಪು. ಡೆಸ್ ಆಮ್ಯಾಲೆ ಆ ಬಂದೂಕಿನವ್ರ ಜೋಡಿ ಸೇರಿ ಮಂದೀನ್ನ ಕೊಂದದ್ದೂ ತಪ್ಪು. ಜೈಲಿಗೆ ನೋಡಾಕ ಹೋದಾಗೊಮ್ಮೆ ಅವನ ಮಾರಿಗೆ ಹೇಳೇನಿ. ಆದ್ರ ಅವ ಬೇಕರಿಗೆ ತಿರಿಗಿ ಹೋಗಿದ್ರ ಅಷ್ಟು ಮಂದಿ ಉಳೀತಿದ್ರು ಅನಸ್ತೈತಿ.”

ಹಸಿರು ಜಾಕೆಟನ್ನು ಚೀಲದ ತಳಕ್ಕೆ ತುರುಕಿ ಜಿಂಕೆಯ ಸ್ವೆಟರ್ ಹಾಕಿಕೊಂಡೆ. ಎದುರು ಮನೆಗೆ ಹೋಗಿ ಬಾಗಿಲು ಬಡಿದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಪ್ಪಾಯಿತು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಹಳ ಹೊತ್ತು ಜಿಂಕೆಗಳನ್ನೇ ನೋಡಿ, “ಹೆಂಡ್ತಿ ಕೊಡಿಸಿದ್ದೇನು?” ಅಂದರು. ಹೌದು ಅಂದೆ. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ತಂದು ಕೈಗಿಟ್ಟರು. ಸುಶೀಲಾ, ನಿನ್ನ ಜಿಂಕೆಗಳಿಗೆ ಶರಣು!

ಹೊಳೆ

ಬಿಲ್ಲಿಯ ಹೊಳೆ ನೋಡಿ ನಾನೂ ಮುಷ್ತಾಕನೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಅದಕ್ಕೆ ಹಳ್ಳ ಅನ್ನುತ್ತಾರೆ. ಆದರೂ ತಣ್ಣೀರು ತಣ್ಣೀರೇ, ಒಳಗೆ ಬಿದ್ದರೆ ಹಲ್ಲು ಕಟಕಟ. ಗೋಡೆಯ ಈಚೆಯವರು ನಾಲ್ವರು, ಆಚೆಯವರು ನಾಲ್ವರು ಒಂದೇ ರಾಫ್ಟಿನಲ್ಲಿ. “ಒಂದೇ ಕಡೆಯವರು ಹುಟ್ಟು ಹಾಕಿದರೆ ರಾಫ್ಟು ಗಿರಗಿರ ತಿರುಗುತ್ತದೆ” ಎಂದು ಬಿಲ್ಲಿಯ ಕೇಂದ್ರದ ಒಬ್ಬಳು ದೊಡ್ಡ ವೇದಾಂತ ಹೇಳಿದಳು. ನಮ್ಮಲ್ಲಿ ಕುಡಿದು ಬಂದ ಪ್ರವಾಸಿಗರಿಗೂ ಅದು ಗೊತ್ತು. ಆದರೆ ಮುಷ್ತಾಕ ಹಗ್ಗ ಎಸೆಯುವುದನ್ನು ತೋರಿಸಿದಾಗ ಅವರೆಲ್ಲ ಬಾಯಿ ಬಿಟ್ಟು ನೋಡಿದರು. ಸುತ್ತಿದ ಹಗ್ಗ ಅವನ ಕೈಯಿಂದ ಹಾರಿ ನೀರಲ್ಲಿದ್ದವನ ಎದೆಗೇ ಹೋಗಿ ಬೀಳುತ್ತಿತ್ತು. ನನಗೆ ಎದೆ ಉಬ್ಬಿತು, ನಾನೇ ಎಸೆದ ಹಾಗೆ.

ಅಲ್ಲಿಯೇ ಡೆಸ್‌ನನ್ನು ಕಂಡೆ. ನೋರಾ ಅವರ ಅಣ್ಣ, ಜೈಲು ಮುಗಿಸಿ ಬಂದವನು, ಬಗ್ಗಿದ ಬೆನ್ನು, ಜಾಕೆಟ್ಟು ಹಗ್ಗಗಳ ಉಸ್ತುವಾರಿ ಅವನದು. ಬಿಲ್ಲಿ ನೀರಿಗಿಳಿಯುವ ಮುಂಚೆ ಅವನ ಮುಂದೆ ಬಂದು ನಿಂತ. ಡೆಸ್ ಭುಜದ ಪಟ್ಟಿ ಹಿಡಿದು ಜಗ್ಗಿ, ಎದೆಗೊಂದು ಗುದ್ದು ಹಾಕಿ, “ಗ್ಯಾಟಿ!” ಅಂದ. ಅಯ್ಯೋ ಶಿವನೇ! ಕಾಳಿ ಹೊಳೆಯ ಮಾತು ಅಷ್ಟು ದೂರದಲ್ಲಿ, ಬಿಸಿ ಬಟಾಟಿಯ ಬಾಯಲ್ಲಿ! ನನ್ನ ಕಣ್ಣು ತುಂಬಿ ಬಂದವು, ಮುಚ್ಚಿಡುವುದೇಕೆ.

ಊಟದ ಹೊತ್ತಿಗೆ ಬಿಲ್ಲಿ ನನ್ನ ಪಕ್ಕ ಕೂತ. ಸಿಪಾಯಿಗೆ ಸಿಪಾಯಿ ಸಿಕ್ಕರೆ ಮಾತು ನೇರ. ಅವನು ಹುಡುಗನಾಗಿದ್ದಾಗ ನೋರಾ ಅವರ ಓಣಿಯಲ್ಲೇ ಬಂದೂಕು ಹಿಡಿದು ಗಸ್ತು ತಿರುಗಿದವನು. ಡೆಸ್‌ನ ಕಡೆಯವರು ಇಟ್ಟ ಬಾಂಬಿಗೆ ಅವನ ಜೊತೆಗಾರನೂ ಹೋಗಿದ್ದ.

“ಹಂಗಾದ್ರ ಸೈನ್ಯ ಬ್ಯಾಡಾಗಿತ್ತಂತೀ?” ಎಂದು ಕೇಳಿದೆ.

“ಹಂಗ ಯಾರಂದ್ರು? ಬೆಂಕಿ ಹತ್ತಿದಾಗ ನಾವು ಬೇಕಿತ್ತು. ಎಷ್ಟೋ ಬಾಂಬು ಹಿಡದೇವಿ, ಎಷ್ಟೋ ಜೀವ ಉಳಿಸೇವಿ, ಅದಕ್ಕ ನಾ ನಾಚೂದಿಲ್ಲ. ಆದ್ರ ಒಬ್ಬನ್ನ ಹಿಡಿಯಾಕ ಇಡೀ ಓಣಿಯ ಬಾಗಲಾ ಮುರದ್ವಿ ನೋಡು, ಅಲ್ಲಿ ಕೆಟ್ಟತು. ಒಬ್ಬ ಸಿಕ್ಕ, ಓಣಿ ಕೈ ಬಿಟ್ಟತು. ಕಡೀಕ ಇದು ನಿಂತದ್ದು ಕುಂತು ಮಾತಾಡಿದ ಮ್ಯಾಲೆ. ನಮ್ಮ ಕೆಲಸ ಅಲ್ಲೀ ತನಕ ಬಾಗಲಾ ಕಾಯೂದು. ಒಳಗಿನ ಮಾತು ಆಡಾಕ ಬ್ಯಾರೇದವ್ರು ಬೇಕು.”

“ಡೆಸ್ ಕೈಯಾಗ ಜಾಕೆಟ್ ಕೊಡಾಕ ನಿನಗ ಅಂಜಿಕಿ ಆಗ್ಲಿಲ್ಲೇನು?”

ಬಿಲ್ಲಿ ನಕ್ಕ. “ಮೊದಲನೇ ದಿನ ಅವ ಜಗ್ಗಿ ಹೋದ ಮ್ಯಾಲೆ ಮರೆಗೆ ಹೋಗಿ ಬಕಲ್ ನಾನ ಮತ್ತ ನೋಡಿಕೊಂಡೆ. ಭಾಳ ದಿನ ಹಂಗ ಮಾಡಿದೆ. ಅವಂಗೂ ಗೊತ್ತಿತ್ತು. ಒಂದ್ ದಿನ ನೋಡೂದು ಮರತೆ. ಸಂಜೀಕ ನೆನಪಾತು.”

ಆ ಸಂಜೆ ಹೊಳೆಯ ದಂಡೆಯಲ್ಲಿ ಹಗ್ಗ ಸುತ್ತುತ್ತ ಮುಷ್ತಾಕ ತಾನಾಗಿ ಬಾಯಿ ಬಿಟ್ಟ.

“ಅಣ್ಣಾ, ರಫೀಕ ಮನಿ ಬಿಟ್ಟು ಹೊರಗ ಬರೂದಿಲ್ರಿ. ದೋಸ್ತರು ಬರೂದಿಲ್ಲ. ಗ್ಯಾರೇಜಿಗೆ ಬಾ ಅಂದ್ರ ಗಿರಾಕಿ ಹೋಗ್ತಾವ ಅಂತಾನ. ಫೋನ್ ಹಿಡಕೊಂಡು ಕುಂದರ್ತಾನ. ಆ ಗುಂಪಿನವ ಒಬ್ಬ ಮತ್ತ ಮಾತಾಡಾಕತ್ತಾನ ಅನಸ್ತೈತಿ. ನಾ ಕೇಳಿದ್ರ ಎದ್ದು ಹೋಗ್ತಾನ. ನಿಮಗ ನಾ ಏನೂ ಅನ್ನೂದಿಲ್ರಿ. ಮಾರುತಿ ಅವರ ಸುದ್ದಿ ನನಗೂ ಗೊತ್ತೈತಿ. ಆದ್ರ ನನ್ನ ತಮ್ಮ ಕೈ ಬಿಟ್ಟು ಹೊಂಟಾನ್ರಿ.”

ಅವನ ಕೈಯಲ್ಲಿ ಹಗ್ಗ ಸಿಕ್ಕುಬಿದ್ದಿತ್ತು. ಮುಷ್ತಾಕನ ಕೈಯಲ್ಲಿ ಹಗ್ಗ ಸಿಕ್ಕುಬಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡವನಲ್ಲ. “ಊರಿಗೆ ಹೋಗೂಣು ನಡಿ” ಎಂದಷ್ಟೇ ಅಂದೆ.

ಹೊರಡುವ ದಿನ ನೋರಾ ಉಳಿದ ಶೇಂಗಾ ಚಟ್ನಿಯನ್ನು ತಮ್ಮ ಡಬ್ಬಿಗೆ ಸುರಿದುಕೊಂಡು, ನಮ್ಮ ಡಬ್ಬಿಯ ತುಂಬ ಬಿಸ್ಕೀಟು ತುಂಬಿ ಕೊಟ್ಟರು. ಖಾಲಿ ಡಬ್ಬಿ ತಿರುಗಿಸಬಾರದು ಎಂಬುದು ಅಲ್ಲಿಯೂ ಉಂಟು.

ಮತ್ತೆ ಕಾಳಿ

ದಾಂಡೇಲಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಚಾಳಿಯ ಮೇಲೆ ಡ್ರೈವರನಿಗೆ ಥ್ಯಾಂಕ್ಸ್ ಅಂದೆ. ಅವನು ಗಾಬರಿಯಾಗಿ, “ಯಾಕ್ರೀ, ಏನಾತು?” ಎಂದು ಹಿಂದೆ ತಿರುಗಿ ನೋಡಿದ.

ಮನೆಗೆ ಚೀಲ ಎಸೆದು ನೇರ ಮುಷ್ತಾಕನ ಮನೆಗೆ ಹೋದೆ. ರಫೀಕ ಒಳಕೋಣೆಯಲ್ಲಿದ್ದ. ಸೊರಗಿ ಇಳಿದುಹೋಗಿದ್ದ. ನನ್ನನ್ನು ಕಂಡು ಏಳಲಿಲ್ಲ. ನಾನು ನೆಲದ ಮೇಲೆ ಕೂತೆ.

“ಕೆಲಸಕ್ಕ ಬಾ” ಅಂದೆ.

“ನಿಮ್ಮ ಜಾಕೆಟ್ ನನಗ ಬ್ಯಾಡ್ರಿ.” ಮುಖ ಆಚೆ ತಿರುಗಿಸಿದ. “ನಾಳೆ ಮತ್ತ ಜೀಪ್ ಬಂದ್ರ ಏನ್ ಮಾಡ್ತೀರಿ? ಮತ್ತ ಹೊರಗ ನಡಿ ಅಂತೀರಿ.”

“ಜೀಪ್ ಬಂದ್ರ ನಿನ್ನ ಜೋಡಿ ನಾನೂ ಹತ್ತತೇನಿ.”

ಅವನು ನಂಬಲಿಲ್ಲ. ನಂಬಲು ನಾನೇನು ಕೊಟ್ಟಿದ್ದೆ? ನಾನು ಅವನ ಕೈಯಲ್ಲಿದ್ದ ಫೋನು ತೋರಿಸಿ ಕೇಳಿದೆ: “ಅದರಾಗಿನವ ಏನಂತಾನ?”

ರಫೀಕ ಫೋನನ್ನು ಬೆನ್ನ ಹಿಂದೆ ಸರಿಸಿದ. “ಊಟ ಆತೇನು ಅಂತ ಕೇಳ್ತಾನ್ರಿ. ದಿನಾ ಕೇಳ್ತಾನ. ಇಷ್ಟ ದಿನದಾಗ ಬಂದೂಕಿನ ಮಾತು ಎತ್ತೇ ಇಲ್ಲ. ಊಟ ಆತೇನು, ನಿದ್ದಿ ಬಂತೇನು ಅಂತ ಕೇಳ್ತಾನ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ತಾಯಿ ಸೆರಗು ಬಾಯಿಗೆ ಹಿಡಿದುಕೊಂಡರು. ನನಗೆ ನೋರಾ ಅವರ ಅಡುಗೆಮನೆ ಕಣ್ಣ ಮುಂದೆ ಬಂತು. ಬಾಂಬು ಹುಗಿದಿಟ್ಟದ್ದನ್ನು ದೂರದಿಂದ ಗುರುತಿಸುವುದನ್ನು ಸೈನ್ಯ ನನಗೆ ಕಲಿಸಿತ್ತು, ಇದನ್ನು ಕಲಿಸಿರಲಿಲ್ಲ.

“ಊಟ ಆತೇನು?” ಎಂದು ನಾನು ಕೇಳಿದೆ.

“ಇಲ್ಲ.”

“ನಂದೂ ಆಗಿಲ್ಲ. ಏಳು. ಅವ್ವಾರ, ಏನೈತಿ ಅದನ್ನ ಹಾಕ್ರಿ.”

ಉಂಡೆವು. ಮಾತು ಹೆಚ್ಚು ಬರಲಿಲ್ಲ. ಮರುದಿನವೂ ಹೋದೆ, ಮುಂದಿನ ವಾರವೂ. ಹೋದಾಗೆಲ್ಲ ಊಟ ಮಾಡಿಯೇ ಬಂದೆ. ಸುಶೀಲಾ, “ನಿಮಗ ಮನೀ ಅಡಗಿ ರುಚಿ ಹತ್ತೂದಿಲ್ಲೇನು?” ಎಂದು ಬೈದಳು, ಕಾರಣ ತಿಳಿದ ಮೇಲೆ ಅವಳೇ ಡಬ್ಬಿ ಕಟ್ಟಿದಳು. ಒಂದು ದಿನ ರಫೀಕ ತಾನಾಗಿ ಫೋನು ಮುಂದಿಟ್ಟ. ಅವನೂ ಮುಷ್ತಾಕನೂ ನಾನೂ ಠಾಣೆಗೆ ಹೋಗಿ ಆ ನಂಬರು ತೋರಿಸಿದೆವು. ಅಂಜಿಕೊಂಡೇ ಹೋಗಿದ್ದೆವು. ಅಲ್ಲಿದ್ದ ಅಧಿಕಾರಿ ಚಹಾ ತರಿಸಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪೂರ್ತಿ ಕೇಳಿಕೊಂಡರು. “ನೀನಾಗಿ ಬಂದಿ, ಚಲೋ ಆತು” ಅಂದರು. ಬಂದೂಕು ಹಿಡಿದವರನ್ನು ಹಿಡಿಯುವ ಕೆಲಸ ಅವರದು, ಅವರು ಮಾಡಲಿ. ಇವನಿಗೆ ಊಟ ಆಯಿತೇ ಎಂದು ಕೇಳುವ ಕೆಲಸ ನಮ್ಮದಾಗಿತ್ತು. ಆ ಅಧಿಕಾರಿಯ ಋಣವೂ ನನ್ನ ಮೇಲಿದೆ.

ದಸರೆ ಕಳೆದು ಹೊಳೆ ತಿಳಿಯಾಯಿತು. ಮೇಲೆ ಸೂಪಾ ಡ್ಯಾಮಿನಿಂದ ನೀರು ಬಿಟ್ಟ ಮೊದಲ ದಿನ ನಾವೆಲ್ಲ ದಂಡೆಯಲ್ಲಿ ಸೇರಿದೆವು. ಮುಷ್ತಾಕನ ಹಿಂದೆ ರಫೀಕ ಬಂದು ದೂರದಲ್ಲಿ ನಿಂತ. ಎಲ್ಲರೂ ಮತ್ತೆ ನನ್ನ ಮುಖ ನೋಡಿದರು.

ನಾನು ಜಾಕೆಟ್ ಹಾಕಿಕೊಂಡು ಅವರೆಲ್ಲರ ನಡುವಿನಿಂದ ನಡೆದು ಹೋಗಿ ರಫೀಕನ ಎದುರು ನಿಂತೆ.

“ಜಗ್ಗು” ಅಂದೆ.

ಅವನು ಅಣ್ಣನನ್ನು ನೋಡಿದ. ಮುಷ್ತಾಕ ಬಗ್ಗಿ ಹಗ್ಗ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ. ರಫೀಕ ನನ್ನ ಭುಜದ ಪಟ್ಟಿ ಹಿಡಿದು ಜಗ್ಗಿದ. ಜಾಕೆಟ್ ಕಿವಿಗೆ ಬಂತು.

“ಸಡ್ಲ ಐತ್ರಿ” ಅಂದ. ಪಕ್ಕದ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಿಗಿದ, ಬಕಲ್ ಬಿಚ್ಚಿ ಮತ್ತೆ ಹಾಕಿದ. ಆಮೇಲೆ ಎರಡೂ ಕೈಯಿಂದ ಜಗ್ಗಿದನೆಂದರೆ ನನ್ನ ಹಿಮ್ಮಡಿ ನೆಲ ಬಿಟ್ಟಿತು. ಜಾಕೆಟ್ ಅಲುಗಲಿಲ್ಲ. ಬೇಸಿಗೆಯಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಹಾಕಿ ಎದೆಗೊಂದು ಗುದ್ದಿದ.

“ಗಟ್ಟಿ.”

ಅವನು ಅತ್ತ ತಿರುಗಿದ ಕೂಡಲೇ ನನ್ನ ಕೈ ತಾನಾಗಿ ಬಕಲಿನ ಮೇಲೆ ಹೋಯಿತು. ಸುಳ್ಳೇಕೆ ಹೇಳಲಿ, ಹೋಯಿತು. ಅದನ್ನು ಅಲ್ಲಿಂದ ತೆಗೆದು, ಹಾಗೇ ನೀರಿಗೆ ಇಳಿದೆ.